ಓದುಗರ ಪ್ರಶ್ನೆ, ಟೀಚರ್ ಉತ್ತರ: ಹೈಸ್ಕೂಲಿನ ಮೊದಲ ವರ್ಷದ ಗೊಂದಲ

ಶಾಲೆಗಳು ಆರಂಭವಾಗಿ ಕೆಲವು ವಾರಗಳು ಕಳೆಯುವಷ್ಟರಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇರುತ್ತವೆ. ಹೊಸದಾಗಿ ಹೈಸ್ಕೂಲಿಗೆ ಸೇರಿದ ಮಕ್ಕಳಿಗೆ ಪಾಠಕ್ಕಿಂತಲೂ ಪಾಠದ ಸುತ್ತಲಿನ ಕೆಲಸಗಳನ್ನು ನೆನಪಿಟ್ಟು ನಡೆಸಿಕೊಂಡು ಹೋಗುವುದೇ ಕಷ್ಟವಾಗುತ್ತಿದೆ. ಮುಂಬಯಿ, ಠಾಣೆ ಮತ್ತು ಪಿಂಪ್ರಿಯಿಂದ ಬಂದ ಮೂರು ಪತ್ರಗಳನ್ನು ಈ ಸಲ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಟೀಚರ್ ಅವರಿಗೆ ನಮಸ್ಕಾರಗಳು. ನಾನು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿ ಈ ಜೂನ್‌ನಲ್ಲಿ ವಡಾಲದ ಕಡೆಯ ಒಂದು ಹೈಸ್ಕೂಲಿನಲ್ಲಿ ಎಂಟನೆಯ ತರಗತಿಗೆ ಸೇರಿದ್ದೇನೆ. ನಮ್ಮ ಮನೆ ಗೋವಂಡಿಯಲ್ಲಿದೆ. ಮೊದಲಿನ ಶಾಲೆಯಲ್ಲಿ ಒಬ್ಬರೇ ಟೀಚರ್ ಹೆಚ್ಚಿನ ಎಲ್ಲ ವಿಷಯಗಳನ್ನೂ ಕಲಿಸುತ್ತಿದ್ದರು. ಇಲ್ಲಿ ಒಂದೊಂದು ಪಿರಿಯಡ್‌ಗೂ ಬೇರೆ ಬೇರೆ ಸರ್, ಬೇರೆ ಬೇರೆ ಟೀಚರ್ ಬರುತ್ತಾರೆ. ಎಲ್ಲರೂ ಹೋಂವರ್ಕ್ ಕೊಡುತ್ತಾರೆ, ಆದರೆ ಯಾವುದು ಯಾವ ದಿನಕ್ಕೆ ಎನ್ನುವುದು ನನಗೆ ನೆನಪಿರುವುದಿಲ್ಲ. ಭೂಗೋಲದ ನಕ್ಷೆ ತರಬೇಕಾದ ದಿನ ಮರೆತೆ. ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಇತಿಹಾಸದ ಉತ್ತರಗಳನ್ನು ಬರೆದು ಬೈಸಿಕೊಂಡೆ. ಅಪ್ಪ ಹೋಟೆಲಿನಲ್ಲಿ ಕೆಲಸ ಮಾಡುತ್ತಾರೆ, ರಾತ್ರಿ ತಡವಾಗಿ ಬರುತ್ತಾರೆ. ಮನೆಯಲ್ಲಿ ಇರುವುದು ಒಂದೇ ಕೋಣೆ, ಚಿಕ್ಕ ತಮ್ಮನೂ ಇದ್ದಾನೆ. ನಾನು ದಡ್ಡಿಯೇನೋ ಎಂದು ಅನ್ನಿಸತೊಡಗಿದೆ. ಏನು ಮಾಡಲಿ?
ಎಂಟನೆಯ ತರಗತಿಯ ವಿದ್ಯಾರ್ಥಿನಿ, ಗೋವಂಡಿ

ಉತ್ತರ: ಮಗಳೇ, ನಿನ್ನ ಪತ್ರದಲ್ಲಿ ಒಂದು ಕಾಗುಣಿತದ ತಪ್ಪೂ ಇಲ್ಲ, ಆದದ್ದನ್ನೆಲ್ಲ ಕ್ರಮವಾಗಿ ಹೇಳಿದ್ದೀಯೆ. ದಡ್ಡತನದ ಮಾತನ್ನು ಇಲ್ಲಿಗೇ ಬಿಟ್ಟುಬಿಡು. ಆಗಿರುವುದು ಇಷ್ಟೇ. ಏಳನೆಯ ತರಗತಿಯವರೆಗೆ ನಿನ್ನ ಕೆಲಸಗಳ ಲೆಕ್ಕವನ್ನು ಇಟ್ಟುಕೊಂಡಿದ್ದವರು ನಿನ್ನ ಟೀಚರ್. ಗಣಿತಕ್ಕೆ ಹೆಚ್ಚು ಹೋಂವರ್ಕ್ ಕೊಟ್ಟ ದಿನ ಅವರು ಪರಿಸರ ಪಾಠಕ್ಕೆ ಏನೂ ಕೊಡುತ್ತಿರಲಿಲ್ಲ, ನಕ್ಷೆ ತರಬೇಕೆಂದು ಹಿಂದಿನ ದಿನ ಮತ್ತೊಮ್ಮೆ ನೆನಪಿಸುತ್ತಿದ್ದರು. ಈಗ ನಿನಗೆ ಪಾಠ ಹೇಳುವವರಲ್ಲಿ ಒಬ್ಬರು ಏನು ಕೊಟ್ಟಿದ್ದಾರೆಂದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಎಲ್ಲ ಪಿರಿಯಡ್‌ಗಳಲ್ಲಿಯೂ ಕುಳಿತಿರುವವಳು ನೀನೊಬ್ಬಳೇ. ಇದುವರೆಗೆ ಟೀಚರ್ ಮಾಡುತ್ತಿದ್ದ ಒಂದು ಕೆಲಸ, ಯಾರೂ ಹೇಳಿಕೊಡದೆಯೇ, ಈ ಜೂನ್‌ನಲ್ಲಿ ನಿನ್ನ ಹೆಗಲಿಗೆ ಬಂದಿದೆ. ಹೈಸ್ಕೂಲಿನ ಮೊದಲ ದಿನವೇ ಶಾಲೆಗಳು ಇದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಈ ಕೆಲಸವನ್ನು ತಲೆಯೊಳಗೆ ಮಾಡಲು ಹೋಗಬೇಡ, ಕಾಗದದ ಮೇಲೆ ಮಾಡು. ಕಂಪಾಸ್ ಪೆಟ್ಟಿಗೆಯ ಪಕ್ಕದಲ್ಲಿ ಹಿಡಿಯುವಂಥ ಒಂದು ಚಿಕ್ಕ ಪುಸ್ತಕವನ್ನು ಇಟ್ಟುಕೊ. ಶಾಲೆಯೇ ಡೈರಿ ಕೊಟ್ಟಿದ್ದರೆ ಅದೇ ಸಾಕು. ಸರ್ ಹೋಂವರ್ಕ್ ಹೇಳಿದಾಗ, ಗಂಟೆ ಬಾರಿಸುವುದಕ್ಕೆ ಮೊದಲೇ, ಅಲ್ಲಿಯೇ ಕುಳಿತು ಮೂರು ಸಂಗತಿಗಳನ್ನು ಬರೆದುಕೊ: ಯಾವ ವಿಷಯ, ಏನು ಮಾಡಬೇಕು, ಯಾವ ದಿನ ಒಪ್ಪಿಸಬೇಕು. ‘ಮನೆಗೆ ಹೋಗಿ ಬರೆದುಕೊಳ್ಳುತ್ತೇನೆ’ ಎಂದುಕೊಂಡರೆ ಆ ಹೊತ್ತಿಗೆ ಅರ್ಧ ಮರೆತಿರುತ್ತದೆ. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಹಾಕುತ್ತಾರೆ ಎಂದು ಕಾಯುವುದೂ ಬೇಡ, ಏಕೆಂದರೆ ಅಲ್ಲಿ ಒಬ್ಬಳು ಮಂಗಳವಾರ ಎನ್ನುತ್ತಾಳೆ, ಇನ್ನೊಬ್ಬಳು ಬುಧವಾರ ಎನ್ನುತ್ತಾಳೆ. ಒಂದು ವಿಷಯದಲ್ಲಿ ಹೋಂವರ್ಕ್ ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆ. ಖಾಲಿ ಬಿಟ್ಟ ಜಾಗವನ್ನು ರಾತ್ರಿ ನೋಡಿದಾಗ, ಕೆಲಸವಿರಲಿಲ್ಲವೋ ಬರೆದುಕೊಳ್ಳಲು ಮರೆತೆಯೋ ಎಂಬ ಅನುಮಾನ ಬರುತ್ತದೆ. ಮುಗಿದ ಕೆಲಸದ ಮೇಲೆ ಗೆರೆ ಎಳೆ, ಮುಗಿಯದ್ದನ್ನು ಮರುದಿನದ ಪುಟಕ್ಕೆ ಕೈಯಾರೆ ಮತ್ತೆ ಬರೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಬರೆಯಬೇಕಾಗಿ ಬಂದರೆ ಅದು ನಿನಗೆ ಅರ್ಥವಾಗದ ಪಾಠದ ಕೆಲಸವಿರಬಹುದು. ಆಗ ಸೀದಾ ಆ ಶಿಕ್ಷಕರ ಬಳಿಗೆ ಹೋಗಿ ಕೇಳು.

ನೋಟ್‌ಬುಕ್ಕುಗಳ ಮಾತು. ಒಂದು ವಿಷಯಕ್ಕೆ ಒಂದು ನೋಟ್‌ಬುಕ್ ಇರಲಿ, ರಫ್ ಕೆಲಸಕ್ಕೆ ಬೇರೆಯೇ ಒಂದು ಇರಲಿ. ಎಲ್ಲಕ್ಕೂ ಒಂದೇ ಕಂದು ಕಾಗದದ ಹೊದಿಕೆ ಹಾಕಿರುತ್ತೀರಿ, ಹಾಗಾಗಿ ಅವಸರದಲ್ಲಿ ಯಾವುದು ಯಾವುದೆಂದು ತಿಳಿಯುವುದಿಲ್ಲ. ಬೆನ್ನಿನ ಕಡೆ ಬಣ್ಣದ ಕಾಗದದ ಒಂದು ಪಟ್ಟಿ ಅಂಟಿಸಿ, ಗಣಿತಕ್ಕೆ ಕೆಂಪು, ವಿಜ್ಞಾನಕ್ಕೆ ಹಸಿರು ಎಂಬಂತೆ ಗುರುತು ಮಾಡಿಕೊ. ಇತಿಹಾಸದ ಉತ್ತರ ಗಣಿತದ ನೋಟ್‌ಬುಕ್ಕಿಗೆ ಹೋಗುವುದು ಅಲ್ಲಿಗೆ ನಿಲ್ಲುತ್ತದೆ. ಶಾಲೆಯಲ್ಲಿ ಕೊಡುವ ಬಿಡಿ ಹಾಳೆಗಳು, ಜೆರಾಕ್ಸ್ ಪ್ರತಿಗಳು, ತಿದ್ದಿ ಕೊಟ್ಟ ಯೂನಿಟ್ ಟೆಸ್ಟಿನ ಉತ್ತರಪತ್ರಿಕೆಗಳು, ಇವುಗಳಿಗೆ ಒಂದು ಪ್ಲಾಸ್ಟಿಕ್ ಫೋಲ್ಡರ್ ಸಾಕು. ಮಳೆಗಾಲದಲ್ಲಿ ಗೋವಂಡಿಯಿಂದ ವಡಾಲಕ್ಕೆ ಹೋಗಿ ಬರುವ ನಿನಗೆ ಇದು ಎರಡು ಪಟ್ಟು ಉಪಯೋಗಿ. ನಕ್ಷೆಯನ್ನೂ ಅದರೊಳಗೇ ಇಡು.

ಮನೆಯಲ್ಲಿ ಒಂದೇ ಕೋಣೆ ಎಂದು ಬರೆದಿದ್ದೀಯೆ. ಈ ಊರಿನ ಬಹುಪಾಲು ಮಕ್ಕಳು ಓದಿರುವುದು ಅಂಥ ಮನೆಗಳಲ್ಲಿಯೇ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಒಂದು ತಲೆಮಾರೇ ಮುಂಬಯಿ ಕನ್ನಡಿಗರಲ್ಲಿದೆ. ಓದಲು ಅವರಿಗೆ ಮೇಜು ಇರಲಿಲ್ಲ, ಪುಸ್ತಕ ಇಡಲು ಒಂದು ಟ್ರಂಕು ಮಾತ್ರ ಇತ್ತು. ಆ ಹಿರಿಯರಲ್ಲಿ ಒಬ್ಬರು ನಿಮ್ಮ ವಠಾರದಲ್ಲಿದ್ದರೆ ಹೋಗಿ ಮಾತನಾಡಿಸು, ಅವರು ಬಹಳ ಸಂತೋಷಪಡುತ್ತಾರೆ. ನೀನೂ ರಟ್ಟಿನ ಒಂದು ಗಟ್ಟಿ ಖೋಕಾ ಪೆಟ್ಟಿಗೆಯನ್ನು ಅಪ್ಪನಿಂದ ತರಿಸಿಕೊಂಡು, ಪುಸ್ತಕಗಳ ಬೆನ್ನು ಮೇಲೆ ಬರುವಂತೆ ನಿಲ್ಲಿಸಿ ಜೋಡಿಸಿಡು. ಅದು ತಮ್ಮನ ಕೈಗೆ ಎಟುಕದ ಎತ್ತರದಲ್ಲಿ ಇರಲಿ. ಪೆಟ್ಟಿಗೆಯಲ್ಲಿ ಇಲ್ಲದ ಪುಸ್ತಕ ಚೀಲದಲ್ಲಿದೆ ಎಂದೇ ಅರ್ಥವಾಗಬೇಕು, ಮೂರನೆಯ ಜಾಗ ಎಂಬುದು ಇರಲೇಕೂಡದು.

ಚೀಲವನ್ನು ರಾತ್ರಿ ಮಲಗುವ ಮುಂಚೆ ತುಂಬಿಸಿಡು. ಬೆಳಗ್ಗೆ ನಳದಲ್ಲಿ ನೀರು ಬರುವ ಹೊತ್ತು, ಅಮ್ಮನಿಗೆ ಕೈಜೋಡಿಸಬೇಕಾದ ಹೊತ್ತು, ಲೋಕಲ್ ಹಿಡಿಯುವ ಹೊತ್ತು ಎಲ್ಲವೂ ಒಟ್ಟಿಗೆ ಬರುತ್ತವೆ. ಆ ಗಡಿಬಿಡಿಯಲ್ಲಿ ಎಂಥವರಿಗೂ ನಕ್ಷೆ ನೆನಪಾಗುವುದಿಲ್ಲ. ಮರುದಿನದ ಪಿರಿಯಡ್‌ಗಳ ಪಟ್ಟಿಯನ್ನೂ ಆ ಚಿಕ್ಕ ಪುಸ್ತಕವನ್ನೂ ಎದುರಿಗಿಟ್ಟುಕೊಂಡು ಒಂದೊಂದಾಗಿ ತುಂಬು, ಆ ದಿನ ಬೇಡದ್ದನ್ನು ಹೊರಗೆ ತೆಗೆ. ಮರೆತೀತೆಂಬ ಭಯದಿಂದ ಎಲ್ಲ ಪುಸ್ತಕಗಳನ್ನೂ ದಿನವೂ ಹೊತ್ತೊಯ್ಯುವ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಕೇಂದ್ರ ಸರ್ಕಾರದ 2020ರ ಶಾಲಾಚೀಲ ನೀತಿಯ ಪ್ರಕಾರ ಚೀಲದ ಭಾರ ಮಗುವಿನ ತೂಕದ 10 ಶೇಕಡವನ್ನು ಮೀರಬಾರದು. ನಿನ್ನ ತೂಕ 40 ಕಿಲೊ ಇದ್ದರೆ ಚೀಲ 4 ಕಿಲೊ ಮಾತ್ರ. ಹಾರ್ಬರ್ ಲೈನಿನ ಗರ್ದಿಯಲ್ಲಿ ಹತ್ತಿ ಇಳಿಯುವ ಹುಡುಗಿಗೆ ಹಗುರವಾದ ಚೀಲವೆಂದರೆ ಸುರಕ್ಷತೆಯೂ ಹೌದು.

ಇನ್ನು ಪಾಠ ನೆನಪಿನಲ್ಲಿ ಉಳಿಸಿಕೊಳ್ಳುವ ವಿಷಯ. ನೀನು ಕೇಳಿಲ್ಲವಾದರೂ ಹೇಳುತ್ತೇನೆ, ಏಕೆಂದರೆ ಹೋಂವರ್ಕ್ ಸರಿಯಾದ ಮೇಲೆ ಮುಂದಿನ ತೊಡಕು ಇದೇ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿ ಮರೆವಿನ ಬಗ್ಗೆ ತನ್ನ ಮೇಲೆಯೇ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿನ ಬಳಿಕ ಎಷ್ಟು ಮರೆಯುತ್ತದೆಂದು ಅವರು ಅಳೆದರು. ಕಲಿತ ಮೊದಲ ಕೆಲವು ಗಂಟೆಗಳಲ್ಲಿಯೇ ಅತಿ ಹೆಚ್ಚು ಮರೆಯುತ್ತದೆ, ಬಳಿಕ ಮರೆವಿನ ವೇಗ ಕಡಿಮೆಯಾಗುತ್ತದೆ, ನಡುನಡುವೆ ಬಿಡುವು ಕೊಟ್ಟು ಮತ್ತೆ ಓದಿದರೆ ಹೆಚ್ಚು ಕಾಲ ಉಳಿಯುತ್ತದೆ ಎಂದು ಅವರಿಗೆ ಕಂಡುಬಂತು. ಆದ್ದರಿಂದ ಇವತ್ತಿನ ಪಾಠವನ್ನು ಇವತ್ತೇ ಒಮ್ಮೆ ನೆನಪಿಸಿಕೊಳ್ಳಬೇಕು. ನಿನಗೆ ಅದಕ್ಕೆ ಮನೆಗೆ ಮರಳುವ ಲೋಕಲ್ ಪ್ರಯಾಣವೇ ಇದೆ. ಪುಸ್ತಕ ತೆರೆಯಬೇಡ, ಬಾಗಿಲ ಬಳಿ ನಿಲ್ಲಬೇಡ. ಮೊದಲ ಪಿರಿಯಡ್‌ನಲ್ಲಿ ಏನು ಕಲಿಸಿದರು, ಎರಡನೆಯದರಲ್ಲಿ ಏನು ಕಲಿಸಿದರು ಎಂದು ಮನಸ್ಸಿನಲ್ಲಿಯೇ ಕೇಳಿಕೊಳ್ಳುತ್ತ ಬಾ. ನೆನಪಾಗದೆ ಉಳಿದದ್ದನ್ನು ಮನೆಗೆ ಬಂದು ಮೊದಲು ತೆರೆದು ನೋಡು.

ಪ್ರಶ್ನೆ: ಮಾನ್ಯರೇ, ನನ್ನ ಮಗ ಠಾಣೆಯ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ರಾಜ್ಯ ಮಂಡಳಿಯ ಒಂಬತ್ತನೆಯ ತರಗತಿಗೆ ಬಂದಿದ್ದಾನೆ. ಬೆಳಗ್ಗೆ ಐದಕ್ಕೆ ಏಳುವುದರಿಂದ ರಾತ್ರಿ ಹತ್ತಕ್ಕೆ ಮಲಗುವವರೆಗೆ ಅರ್ಧರ್ಧ ಗಂಟೆಗೆ ಏನು ಮಾಡಬೇಕೆಂದು ನಾನೂ ನನ್ನ ಯಜಮಾನರೂ ಸೇರಿ ಬಣ್ಣದ ವೇಳಾಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದೇವೆ. ಮೊದಲ ಕೆಲವು ದಿನ ಪಾಲಿಸಿದ, ಈಗ ಅದರ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಅವನ ಚೀಲವನ್ನು ನಾನೇ ತುಂಬಿಸುತ್ತೇನೆ, ವಿಜ್ಞಾನ ಪ್ರಯೋಗಗಳ ಜರ್ನಲ್ ಬರೆದಿದ್ದಾನೆಯೇ ಎಂದು ನಾನೇ ನೋಡುತ್ತೇನೆ. ದಿನವೂ ಹೇಳಿ ಹೇಳಿ ನನಗೆ ಸಾಕಾಗಿದೆ, ಮನೆಯಲ್ಲಿ ಜಗಳವೂ ಹೆಚ್ಚಾಗಿದೆ.
ಒಬ್ಬ ತಾಯಿ, ಠಾಣೆ

ಉತ್ತರ: ನಿಮ್ಮ ಕಾಳಜಿಯೂ ದಣಿವೂ ನನಗೆ ಅರ್ಥವಾಗುತ್ತವೆ. ಆ ವೇಳಾಪಟ್ಟಿಯನ್ನು ಗೋಡೆಯಿಂದ ತೆಗೆದುಬಿಡಿ. ಅದು ಕೆಟ್ಟದ್ದೆಂದು ಈ ಮಾತು ಹೇಳುತ್ತಿಲ್ಲ. ಮಗನ ದಿನ ಹೇಗಿರಬೇಕೆಂಬ ನಿಮ್ಮ ಆಸೆಯನ್ನು ನೋಡಿ ಅದು ತಯಾರಾಗಿದೆ, ಅವನ ದಿನ ನಿಜವಾಗಿ ಹೇಗೆ ಕಳೆಯುತ್ತದೆ ಎಂಬುದು ಅದರಲ್ಲಿ ಬಂದಿಲ್ಲ. ಒಂದು ವಾರ ಏನನ್ನೂ ಬದಲಾಯಿಸದೆ, ಯಾವ ಹೊತ್ತು ಯಾವುದಕ್ಕೆ ಹೋಯಿತೆಂದು ಅವನೇ ಬರೆದಿಡಲಿ. ಶಾಲೆ, ಟ್ಯೂಷನ್ ಕ್ಲಾಸ್, ಕ್ಲಾಸಿಗೆ ಹೋಗಿಬರುವ ದಾರಿ, ಊಟ, ಆಟ, ಮೊಬೈಲು, ನಿದ್ದೆ ಎಲ್ಲವೂ ಅದರಲ್ಲಿ ಬರಲಿ. ಮೊಬೈಲಿನ ಹೊತ್ತನ್ನು ಬರೆದದ್ದಕ್ಕೆ ಬೈಯುವುದಿಲ್ಲ ಎಂದು ಮೊದಲೇ ಮಾತು ಕೊಡಿ, ಕೊಟ್ಟ ಮಾತನ್ನು ಉಳಿಸಿಕೊಳ್ಳಿ. ಇಲ್ಲವಾದರೆ ಅವನು ಬರೆಯುವ ಲೆಕ್ಕ ಸುಳ್ಳಾಗುತ್ತದೆ.

ವಾರದ ಕೊನೆಗೆ ಆ ಹಾಳೆಯನ್ನು ಮೂವರೂ ಕುಳಿತು ನೋಡಿ. ಶಾಲೆಯೂ ಕ್ಲಾಸೂ ಪ್ರಯಾಣವೂ ಕಳೆದ ಮೇಲೆ ಸ್ವಂತ ಓದಿಗೆ ಉಳಿಯುವ ಹೊತ್ತು ನೀವು ಎಣಿಸಿದ್ದಕ್ಕಿಂತ ಬಹಳ ಕಡಿಮೆ ಇರುತ್ತದೆ. ದಿನಕ್ಕೆ ಒಂದೂವರೆ ಗಂಟೆಯೇ ಉಳಿಯುವುದಾದರೆ ಆ ಒಂದೂವರೆ ಗಂಟೆಗೆ ಮಾತ್ರ ಯೋಜನೆ ಮಾಡಬೇಕು, ಅದರಲ್ಲಿಯೂ ಕೊನೆಯ ಕಾಲು ಗಂಟೆಯನ್ನು ಖಾಲಿ ಬಿಡಬೇಕು. ಮಳೆಗೆ ಗಾಡಿ ನಿಂತ ದಿನ, ಮನೆಗೆ ನೆಂಟರು ಬಂದ ದಿನ ಆ ಕಾಲು ಗಂಟೆಯೇ ನಿಮ್ಮನ್ನು ಕಾಯುತ್ತದೆ. ಭಾನುವಾರದ ಕ್ಲಾಸಿಗೆ ಲೋಕಲ್‌ನಲ್ಲಿ ಹೋಗುವವನಾದರೆ ಹಳಿ ದುರಸ್ತಿಗಾಗಿ ಗಾಡಿಗಳನ್ನು ನಿಲ್ಲಿಸುವ ಮೆಗಾ ಬ್ಲಾಕ್‌ನ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸ್ವಂತ ಓದಿಗೆ ಏನೂ ಉಳಿಯುವುದಿಲ್ಲ ಎಂದು ಹಾಳೆ ತೋರಿಸಿದರೆ ಒಂದು ಕ್ಲಾಸನ್ನು ಬಿಡಿಸುವ ಬಗ್ಗೆ ಯೋಚಿಸಿ. ಈ ಮಾತು ಅನೇಕ ಪಾಲಕರಿಗೆ ರುಚಿಸುವುದಿಲ್ಲವೆಂದು ನನಗೆ ತಿಳಿದಿದೆ. ಆದರೆ ಬೇರೆಯವರು ಹೇಳಿದ್ದನ್ನು ಕೇಳುತ್ತಲೇ ಇರುವ ಹುಡುಗನಿಗೆ ತಾನಾಗಿ ಕುಳಿತು ಒಂದು ಲೆಕ್ಕ ಬಿಡಿಸುವ ಹೊತ್ತೇ ಸಿಗದಿದ್ದರೆ ಗಣಿತ ಬರುವುದಾದರೂ ಹೇಗೆ?

ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಎಂದು ಬರೆದಿದ್ದೀರಿ. ಅಲ್ಲಿಗೆ ನಿದ್ದೆ ಏಳು ಗಂಟೆ ಮಾತ್ರ ಆಯಿತು. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿಯು 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ದೆ ಬೇಕೆಂದು ಹೇಳಿದೆ. ನಿಮ್ಮ ಪಟ್ಟಿಯಲ್ಲಿ ಮೊದಲು ಸರಿಪಡಿಸಬೇಕಾದ ಸಾಲು ಅದೇ. ರಾತ್ರಿ ಮೊಬೈಲು ಅವನ ಹಾಸಿಗೆಯ ಪಕ್ಕದಲ್ಲಿ ಚಾರ್ಜ್ ಆಗುವುದು ಬೇಡ. ಮನೆಯವರೆಲ್ಲರ ಮೊಬೈಲುಗಳೂ ಅಡುಗೆಮನೆಯ ಒಂದೇ ಕಡೆ ಇರಲಿ. ನಿಮ್ಮದನ್ನೂ ಅಲ್ಲಿ ಇಟ್ಟರೆ ಮಾತ್ರ ಅವನು ಒಪ್ಪಿಯಾನು.

ಒಂಬತ್ತನೆಯ ತರಗತಿಯಲ್ಲಿ ಕೆಲಸ ನಿಜಕ್ಕೂ ಹೆಚ್ಚಾಗುತ್ತದೆ. ಗಣಿತದ ಪಠ್ಯ ಎರಡು ಭಾಗಗಳಾಗುತ್ತದೆ, ಒಂದರಲ್ಲಿ ಬೀಜಗಣಿತ, ಇನ್ನೊಂದರಲ್ಲಿ ರೇಖಾಗಣಿತ. ಹತ್ತನೆಯ ತರಗತಿಗೆ ಬಂದಾಗ ವಿಜ್ಞಾನವೂ ಎರಡು ಭಾಗವಾಗುತ್ತದೆ. ಮಂಡಳಿಯ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ವಿಜ್ಞಾನದ 100 ಅಂಕಗಳ ಪೈಕಿ 40ರ ಎರಡು ಲಿಖಿತ ಪತ್ರಿಕೆಗಳು, ಉಳಿದ 20 ಪ್ರಯೋಗಗಳಿಗೆ. ಜರ್ನಲನ್ನು ಪ್ರಯೋಗ ಮಾಡಿದ ದಿನವೇ ಬರೆದು ಮುಗಿಸುವ ಅಭ್ಯಾಸ ಈ ವರ್ಷ ಬಂದರೆ ಮುಂದಿನ ವರ್ಷದ ಆ 20 ಅಂಕಗಳಿಗಾಗಿ ಕೊನೆಯ ವಾರ ನಿದ್ದೆಗೆಟ್ಟು ಚಿತ್ರಗಳನ್ನು ಬಿಡಿಸುತ್ತ ಕೂರಬೇಕಾಗುವುದಿಲ್ಲ. ವಿಜ್ಞಾನ ಕಲಿಸಿದವಳಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ. ಪ್ರಯೋಗದ ದಿನ ಬರೆದ ಜರ್ನಲ್ಲಿನಲ್ಲಿ ಹುಡುಗರು ಕಂಡದ್ದನ್ನು ಬರೆಯುತ್ತಾರೆ, ತಿಂಗಳ ಬಳಿಕ ಬರೆದದ್ದರಲ್ಲಿ ಗೆಳೆಯನ ಜರ್ನಲ್ಲಿನಲ್ಲಿ ಇರುವುದನ್ನು ಬರೆಯುತ್ತಾರೆ.

ಓದುವ ರೀತಿಯ ಬಗ್ಗೆಯೂ ಒಂದು ಮಾತು. ‘ಮೂರು ಸಲ ಓದಿದೆ’ ಎಂದು ಹೇಳುವ ಮಕ್ಕಳು ಪರೀಕ್ಷೆಯಲ್ಲಿ ತಡವರಿಸುವುದನ್ನು ನೀವೂ ಕಂಡಿರಬಹುದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಒಮ್ಮೆ ಓದಿ ಪುಸ್ತಕ ನೋಡದೆ ನೆನಪಿನಿಂದ ಬರೆದವರಿಗೆ ವಾರದ ಬಳಿಕ ಹೆಚ್ಚು ನೆನಪಿತ್ತು. ಅವನ ಒಂದೂವರೆ ಗಂಟೆಯಲ್ಲಿ ಓದು ಅರ್ಧ, ಪುಸ್ತಕ ಮುಚ್ಚಿ ಬರೆಯುವುದು ಅರ್ಧ ಇರಲಿ.

ಈಗ ನಿಮ್ಮ ಪಾಲಿನ ಕೆಲಸ. ಚೀಲ ತುಂಬಿಸುವುದನ್ನು ಇವತ್ತೇ ನಿಲ್ಲಿಸಿ. ಒಂದೆರಡು ದಿನ ಅವನು ಏನಾದರೂ ಬಿಟ್ಟುಹೋಗುತ್ತಾನೆ, ಬೈಸಿಕೊಳ್ಳುತ್ತಾನೆ. ಒಂಬತ್ತನೆಯ ತರಗತಿಯ ಆ ಬೈಗುಳದಿಂದ ಏನೂ ನಷ್ಟವಿಲ್ಲ, ಮಂಡಳಿಯ ಪರೀಕ್ಷೆಯ ದಿನ ಹಾಲ್ ಟಿಕೆಟ್ ಬಿಟ್ಟುಹೋದರೆ ನಷ್ಟವಿದೆ. ಬಿಟ್ಟ ಪುಸ್ತಕವನ್ನು ಹಿಡಿದುಕೊಂಡು ಶಾಲೆಯ ಗೇಟಿಗೆ ಓಡಬೇಡಿ. ದಿನದಲ್ಲಿ ಹತ್ತು ಸಲ ‘ಆಯಿತೇನೋ?’ ಎಂದು ಕೇಳುವ ಬದಲು ರಾತ್ರಿ ಊಟವಾದ ಮೇಲೆ ಒಂದೇ ಸಲ, ‘ನಾಳೆಗೆ ಏನೇನು ಒಪ್ಪಿಸಬೇಕು, ತೋರಿಸು’ ಎಂದು ಕೇಳಿ. ಅವನು ಬರೆದುಕೊಂಡ ಪುಟವನ್ನು ನೋಡಿ ಅಷ್ಟಕ್ಕೇ ನಿಲ್ಲಿಸಿ. ಯಜಮಾನರಿಗೂ ಇದನ್ನೇ ಹೇಳಿ, ಒಬ್ಬರು ಸುಮ್ಮನಿದ್ದು ಇನ್ನೊಬ್ಬರು ಕೇಳುತ್ತಲೇ ಇದ್ದರೆ ಪ್ರಯೋಜನವಾಗದು.

ಪ್ರಶ್ನೆ: ವಿಜಯಪುರದಲ್ಲಿ ಕನ್ನಡ ಮಾಧ್ಯಮದಲ್ಲಿ ಎಂಟನೆಯ ತರಗತಿ ಮುಗಿಸಿದ ನನ್ನ ಅಣ್ಣನ ಮಗನನ್ನು ಓದಿಗಾಗಿ ನಮ್ಮ ಮನೆಗೆ ಕರೆತಂದು ಇಲ್ಲಿಯ ಹೈಸ್ಕೂಲಿಗೆ ಸೇರಿಸಿದ್ದೇವೆ. ಪಠ್ಯಪುಸ್ತಕಗಳು ಬೇರೆ, ಮರಾಠಿ ಹೊಸದು. ಅವನು ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ಸುಮ್ಮನೆ ಕುಳಿತಿರುತ್ತಾನೆ.
ಚಿಕ್ಕಪ್ಪ, ಪಿಂಪ್ರಿ

ಉತ್ತರ: ಅವನಿಗೆ ವೇಳಾಪಟ್ಟಿಗಿಂತ ಮೊದಲು ಒಂದು ಪಟ್ಟಿ ಬೇಕು. ಪ್ರತಿ ವಿಷಯದ ಪಠ್ಯಪುಸ್ತಕದ ಪರಿವಿಡಿಯನ್ನು ಅವನ ಜೊತೆ ಕುಳಿತು ನೋಡಿ, ಪಾಠದ ಹೆಸರುಗಳ ಮುಂದೆ ‘ಊರಿನಲ್ಲಿ ಕಲಿತಿದ್ದೇನೆ’, ‘ಸ್ವಲ್ಪ ಗೊತ್ತು’, ‘ಹೊಸದು’ ಎಂದು ಗುರುತು ಹಾಕಿಸಿ. ವಿಜ್ಞಾನ ಮತ್ತು ಗಣಿತದಲ್ಲಿ ಹೊಸದಲ್ಲದ್ದು ಅವನು ಅಂದುಕೊಂಡದ್ದಕ್ಕಿಂತ ಹೆಚ್ಚಿರುತ್ತದೆ. ಇತಿಹಾಸದಲ್ಲಿ ಹೊಸದೇ ಹೆಚ್ಚು. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯು ತನ್ನ ಪಠ್ಯಪುಸ್ತಕಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಹೊರತರುತ್ತದೆ, ಅಂತರ್ಜಾಲದಲ್ಲಿಯೂ ಒದಗಿಸುತ್ತದೆ. ಮಾಧ್ಯಮ ಬದಲಾಗಿದ್ದರೆ ಹೊಸ ಪಾಠವನ್ನು ಮೊದಲು ಕನ್ನಡ ಪುಸ್ತಕದಲ್ಲಿ ಓದಿಕೊಂಡು ಹೋಗಲಿ, ಆಗ ತರಗತಿಯಲ್ಲಿ ಭಾಷೆಯ ಕಡೆಗೆ ಮಾತ್ರ ಗಮನ ಕೊಟ್ಟರೆ ಸಾಕಾಗುತ್ತದೆ.

ಮರಾಠಿಯನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸಿ ಮಹಾರಾಷ್ಟ್ರ ಸರ್ಕಾರ 2020ರಲ್ಲಿ ಕಾಯ್ದೆ ಮಾಡಿದೆ, ಆದ್ದರಿಂದ ಅದನ್ನು ಬದಿಗಿಡುವ ಹಾಗಿಲ್ಲ. ಹಿಂದಿ ಕಲಿತಿರುವ ಹುಡುಗನಿಗೆ ಲಿಪಿ ಬರುತ್ತದೆ. ಅವನಿಗೆ ಬೇಕಾಗಿರುವುದು ಶಬ್ದಗಳು ಮತ್ತು ಮಾತನಾಡುವ ಧೈರ್ಯ. ದಿನಕ್ಕೆ ಇಪ್ಪತ್ತು ನಿಮಿಷ, ಪ್ರತಿದಿನ ಒಂದೇ ಹೊತ್ತಿಗೆ, ಒಂದು ಪುಟವನ್ನು ಗಟ್ಟಿಯಾಗಿ ಓದಲಿ, ತಿಳಿಯದ ಶಬ್ದಗಳನ್ನು ಮರಾಠಿ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಡಲಿ. ಭಾನುವಾರ ಒಂದೇ ಸಲ ಎರಡು ಗಂಟೆ ಕೂರಿಸಿದರೆ ಇದು ಬರುವುದಿಲ್ಲ. ಸಂಜೆ ಕೆಳಗೆ ಸೊಸೈಟಿಯ ಹುಡುಗರೊಡನೆ ಆಡಲು ಕಳಿಸಿ, ಮಾತು ಅಲ್ಲಿ ಬೇಗ ಬರುತ್ತದೆ.

ದೀಪಾವಳಿಯವರೆಗೆ ಶಾಲಾವರ್ಷದ ಮೊದಲ ಅವಧಿ ಇರುತ್ತದೆ. ಆ ಹೊತ್ತಿಗೆ ಎಲ್ಲವನ್ನೂ ಸರಿಗಟ್ಟಬೇಕೆಂದು ಅವನ ಮೇಲೆ ಭಾರ ಹೇರಬೇಡಿ. ‘ಹೊಸದು’ ಎಂದು ಗುರುತಾದ ಪಾಠಗಳಲ್ಲಿ ವಾರಕ್ಕೆ ಒಂದನ್ನು ಮಾತ್ರ ಹಿಡಿಯಲಿ. ಮೊದಲ ಯೂನಿಟ್ ಟೆಸ್ಟಿಗೆ ಮುಂಚೆ ನೀವು ಅರ್ಧ ದಿನ ರಜೆ ಹಾಕಿಯಾದರೂ ಶಾಲೆಗೆ ಹೋಗಿ, ಆ ಪಟ್ಟಿಯನ್ನು ಅವನ ಕೈಯಿಂದಲೇ ಕ್ಲಾಸ್ ಟೀಚರ್‌ಗೆ ತೋರಿಸಿ. ಹುಡುಗನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ಬರಹದಲ್ಲಿ ಎದುರಿಗಿದ್ದರೆ, ಯಾವ ಪಾಠಕ್ಕೆ ಯಾರ ಬಳಿ ಕೂರಿಸಬೇಕು, ಮರಾಠಿಗೆ ಯಾವ ಗೆಳೆಯನ ಪಕ್ಕ ಬೆಂಚು ಕೊಡಬೇಕು ಎಂದು ಅವರು ಅಲ್ಲಿಯೇ ಹೇಳಬಲ್ಲರು.